ಹಿತ್ತಿಲ ಗೇರುಮರದ ಕಾವಲು
ಎಣ್ಮಕಜೆಯ ಅಜ್ಜರೊಬ್ಬರು ಹಿತ್ತಿಲ ಗೇರುಮರಕ್ಕೆ ವಿಷ ಸಿಂಪಡಿಸಲು ಒಪ್ಪುವುದಿಲ್ಲ. ಚಿಗುರನ್ನೂ ಹೂಗೊಂಚಲನ್ನೂ ಒಣಗಿಸುವ ಟೀ ಸೊಳ್ಳೆಯ ಹೆಸರಿನಲ್ಲಿಯೇ 2000ನೇ ಇಸವಿಯವರೆಗೆ ಹೆಲಿಕಾಪ್ಟರುಗಳು ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದವು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಕೆಲವು ಮನೆಗಳು ಇಂದಿಗೂ ಸಾಕುತ್ತಿವೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು.

ಆದರೆ ಆದೇಶಕ್ಕೆ ಕೀಟ ಹೆದರುವುದಿಲ್ಲ. ಆ ಕಾವಲನ್ನು ಅಜ್ಜ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳಿಗೆ ವಹಿಸಿದ್ದಾರೆ. ಅವು ಕೀಟದ ಮರಿಗಳನ್ನು ಬೇಟೆಯಾಡುತ್ತವೆ. ಮರದಿಂದ ಮರಕ್ಕೆ ಕಟ್ಟಿದ ಹಗ್ಗವೇ ಅವುಗಳ ದಾರಿ. ಬುಡದಿಂದ ತುಸು ದೂರದಲ್ಲಿ ಹಟ್ಟಿಗೊಬ್ಬರ, ಅದರ ಮೇಲೆ ತರಗೆಲೆಯ ಹೊದಿಕೆ. ಕೊಯ್ಲು ಮುಗಿದ ಮೇಲೆ ಒಣರೆಂಬೆಗಳನ್ನು ಸವರುತ್ತಾರೆ.

ಕೊಯ್ಯುವಾಗ ಇರುವೆ ಕಚ್ಚುತ್ತದೆ, ಫಸಲೂ ಒಮ್ಮೊಮ್ಮೆ ಕುಗ್ಗುತ್ತದೆ. ಆದರೂ ಶಾಲೆಯಿಂದ ಬಂದ ಮೊಮ್ಮಗಳು ಕೊಂಬೆ ಬಗ್ಗಿಸಿ ಗೇರುಹಣ್ಣು ಕಚ್ಚುವಾಗ ಅವರು ತಡೆಯಬೇಕಾಗಿಲ್ಲ.