ಕಾಲಿನ ಕಾಲುವೆ

ನವಲಗುಂದ, ಅಣ್ಣಿಗೇರಿ ಕಡೆಯ ರೈತನಿಗೆ ಕಾಲುವೆಯ ವಿಚಾರ ಯಾರೂ ಹೇಳಿಕೊಡಬೇಕಿಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿದ್ದರೂ ನಡುವೆ ಹೂಳು ಕಟ್ಟಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟದು. ಕಾಲಿನ ಕಥೆಯೂ ಇದೇ. ಹೃದಯ ಚೆನ್ನಾಗಿಯೇ ಬಡಿಯುತ್ತಿರುತ್ತದೆ. ತೊಡೆಯ ಅಪಧಮನಿ ಮುಚ್ಚಿಕೊಂಡು ಹೆಬ್ಬೆರಳು ಕಪ್ಪಾಗುತ್ತದೆ.

ಬೀಡಿ, ಸಕ್ಕರೆ ಕಾಯಿಲೆಗಳೇ ಇದಕ್ಕೆ ಮುಖ್ಯ ಕಾರಣ. ಮೊದಲು ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ವಾಯುವೆಂದು ಎಣ್ಣೆ ತಿಕ್ಕಿ ಸುಮ್ಮನಾಗುವವರುಂಟು. ಮುಂದೆ ಮಲಗಿದರೂ ನೋವು, ಮಾಯದ ಹುಣ್ಣು. ಆಗ ಕಾಲು ಉಳಿಸಲು ಅನೇಕರಿಗೆ ಬೈಪಾಸ್ ಬೇಕಾಗುತ್ತದೆ.

1948ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಝಾಂ ಕುನ್ಲಿನ್ ರೋಗಿಯ ಕಾಲಿನ ಅಭಿಧಮನಿಯನ್ನೇ ತೆಗೆದು, ಬುಡಮೇಲು ಮಾಡಿ, ಮುಚ್ಚಿದ ಜಾಗದ ಪಕ್ಕದಲ್ಲಿ ಜೋಡಿಸಿದರು. ಬುಡಮೇಲು ಏಕೆ? ಅದರೊಳಗಿನ ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ; ತಿರುಗಿಸಿದರೆ ಕೆಳಕ್ಕೆ ಬಿಡುತ್ತವೆ.

ಆದರೆ ಈ ಹೊಸ ದಾರಿಯೂ ಕಿರಿದಾಗಬಲ್ಲದು. ಅಪಧಮನಿಯ ಒತ್ತಡ ಅದಕ್ಕೆ ಹೊಸದು, ಒಳಪದರ ದಪ್ಪವಾಗುತ್ತದೆ. ಇಲ್ಲಿ ಹೂಳಲ್ಲ, ದಂಡೆಯೇ ಬೆಳೆಯುತ್ತದೆ! ಸುಮಾರು ಮೂರು-ನಾಲ್ಕು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅದೂ ಹೆಚ್ಚಾಗಿ ಮೊದಲೆರಡು ವರ್ಷಗಳಲ್ಲಿ. ಆಗಲೇ ತಿಳಿದರೆ ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಿ ಅಭಿಧಮನಿಯ ತುಣುಕಿನ ತೇಪೆ ಹೊಲಿಯಬಹುದು, ಕೆಟ್ಟ ಭಾಗ ತೆಗೆದು ಬೇರೆ ತುಂಡು ಜೋಡಿಸಬಹುದು. ಕೆಲವರಿಗೆ ಬಲೂನಿನಿಂದ ಹಿಗ್ಗಿಸಬಹುದು. ಪೂರ್ತಿ ಮುಚ್ಚಿ ರಕ್ತ ಹೆಪ್ಪುಗಟ್ಟಿದ ಮೇಲೆ ರಿಪೇರಿ ಕಷ್ಟ, ಬಾಳಿಕೆಯೂ ಕಡಿಮೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ತೊಡಕಿರುವುದು ಇಲ್ಲಿಯೇ. ನಾಳ ಕಿರಿದಾಗುವಾಗ ಎಷ್ಟೋ ಸಲ ನೋವೇ ಇರುವುದಿಲ್ಲ. ಕಣಕಾಲಿನ ರಕ್ತದೊತ್ತಡ ಅಳೆದಾಗ, ಡಾಪ್ಲರ್ ಸ್ಕ್ಯಾನ್ ಮಾಡಿದಾಗ ಮಾತ್ರ ತಿಳಿಯುತ್ತದೆ. ಹುಬ್ಬಳ್ಳಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಬಿತ್ತನೆಯ ಕಾಲವಾದರೆ ಕೇಳುವುದೇ ಬೇಡ.

"ಅಪ್ಪಾ, ನಾಳೆ ದವಾಖಾನಿ ತಾರೀಖ ಐತಿ."

"ಕಾಲು ನೋಯಾಕತ್ತಿಲ್ಲಲ್ಲೋ ತಮ್ಮಾ, ಸುಮ್ನ ರೊಕ್ಕ ಯಾಕ ಖರ್ಚು?"

ಕುಂದಗೋಳದಲ್ಲೋ ಕಲಘಟಗಿಯಲ್ಲೋ ಇಂಥ ಮಾತು ಕೇಳಿಬಂದರೆ, ಉತ್ತರ ಕೊಡಬೇಕಾದವರು ಓದುವ ಮಕ್ಕಳೇ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನವೂ ಅಪ್ಪನ ಪಾದ ನೋಡಿ. ಪಾದ ಒಮ್ಮೆಲೇ ತಣ್ಣಗಾಗಿ ಬಿಳಿಚಿಕೊಂಡರೆ, ಜೋಮು ಹಿಡಿದರೆ, ತಾರೀಖಿಗೆ ಕಾಯದೆ ಅಂದೇ ಕರೆದೊಯ್ಯಿರಿ. ಬೀಡಿ ಬಿಡಿಸಿ, ಸೇದುವವರಲ್ಲಿ ಬೈಪಾಸ್ ಕೆಡುವ ಸಂಭವ ಸುಮಾರು ಮೂರು ಪಟ್ಟು. ನೋವಿಲ್ಲದ ದಿನ ಹೋದ ಆ ಒಂದು ಪ್ರಯಾಣವೇ ಕಾಲನ್ನು ಉಳಿಸಬಹುದು.