ಮನಸ್ಸಿನ ಊರಿಗೆ ಸವಳಂಗ ರಸ್ತೆ

ರವೀಂದ್ರನಗರದಿಂದ ಸವಳಂಗ ರಸ್ತೆಗೆ ಬಿದ್ದು ಶಿಕಾರಿಪುರದ ಕಡೆ ಹೊರಟರೆ ಶಿವಮೊಗ್ಗ ಬೇಗ ಮುಗಿದುಹೋಗುತ್ತದೆ. ಬಡಾವಣೆಯ ಕೊನೆಯ ಮನೆಗಳು ಹಿಂದೆ ಸರಿಯುತ್ತಲೇ ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ನಡುನಡುವೆ ಕುರುಚಲು ಕಾಡು. ಪಕ್ಕದ ಸೀಟಿನಲ್ಲಿ ತಂಗಿಯ ಮಗ. ಕಾಲೇಜು ಹುಡುಗ. ತೊಡೆಯ ಮೇಲೆ ಒಂದು ನೋಟ್‌ಬುಕ್, ಅದರ ಮೊದಲ ಪುಟದಲ್ಲಿ ಎರಡೇ ಪ್ರಶ್ನೆ: ಅವನಿಗೆ ಯಾವ ರೂಪ ಕೊಡಲಿ? ಅವನನ್ನು ಯಾವ ಲೋಕದಲ್ಲಿ ಇಡಲಿ?

'ಅವನು' ಅಂದರೆ ತುಲ್ಪಾ. ಮನಸ್ಸಿನೊಳಗೆ ಒಬ್ಬ ಜೊತೆಗಾರನನ್ನು ಮುಖ, ದನಿ, ನಡಿಗೆಯ ಸಮೇತ ದಿನವೂ ಕೂತು ಕಲ್ಪಿಸಿಕೊಳ್ಳುವುದು; ಒಂದು ದಿನ ಅವನೇ ತಾನಾಗಿ ಮಾತಾಡಿದಂತೆ ಅನುಭವವಾಗುವವರೆಗೆ ಬಿಡದೆ ಸಾಧಿಸುವುದು. ಅವನು ವಾಸವಿರಲು ಒಂದು ಕಲ್ಪನೆಯ ಊರನ್ನೂ ಕಟ್ಟಿಕೊಡುವುದು. ಈಚಿನ ವರ್ಷಗಳಲ್ಲಿ ಅಮೆರಿಕ, ಯುರೋಪುಗಳ ಎಳೆಯರಲ್ಲಿ ಇದು ಹಬ್ಬಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ವೆಸಿಯೆರ್ ಅಂಥವರನ್ನು ಮಾತಾಡಿಸಿ 2016ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಹುಡುಗ ಇದನ್ನೆಲ್ಲ ಓದಿಕೊಂಡಿದ್ದ. ಅವನ ಹಂಬಲದಲ್ಲಿ ಹುಡುಗಾಟ ಇರಲಿಲ್ಲ. ಹಾಸ್ಟೆಲಿನ ಒಂಟಿತನ ಇತ್ತು. ಹಾಗಾಗಿ ಬುದ್ಧಿ ಹೇಳುವ ಬದಲು, ರೂಪ ಕಟ್ಟುವುದನ್ನೇ ಬದುಕಾಗಿ ಮಾಡಿಕೊಂಡವರ ಊರುಗಳನ್ನು ತೋರಿಸೋಣ ಎನ್ನಿಸಿತು. ನಮ್ಮ ಜಿಲ್ಲೆಯ ಬಳ್ಳಿಗಾವೆ, ಅಲ್ಲಿಂದ ಮೇಲೆ ಟಿಬೆಟಿನವರು ನೆಲೆಸಿದ ಮುಂಡಗೋಡು.

ಶಿಕಾರಿಪುರ ದಾಟಿ ಶಿರಾಳಕೊಪ್ಪ ಮುಟ್ಟಿದರೆ ಬಳ್ಳಿಗಾವೆ ಹತ್ತಿರವೇ. ಊರೊಳಗೆ ಕಾಲಿಟ್ಟ ಕೂಡಲೇ ಹುಡುಗನ ಕತ್ತು ಮೇಲಕ್ಕೆ ಹೋಯಿತು. ಗಂಡಭೇರುಂಡ ಸ್ತಂಭ! ಬನವಾಸಿ ನಾಡನ್ನಾಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ್ದು. ಸುಮಾರು ಮೂವತ್ತು ಅಡಿಯ ಕಂಬದ ತುದಿಯಲ್ಲಿ ಮನುಷ್ಯನ ಮೈ, ಆ ಮೈಗೆ ಹಕ್ಕಿಯ ಎರಡು ತಲೆ. ಜಗತ್ತಿನ ಯಾವ ಕಾಡಿನಲ್ಲೂ ಇಲ್ಲದ ಜೀವ. ಯಾರೋ ಕಣ್ಣು ಮುಚ್ಚಿ ಕಂಡರು, ಇನ್ಯಾರೋ ಕಲ್ಲಿನಲ್ಲಿ ಕಡೆದರು, ನಾಡು ನಂಬಿತು. ಇಂದಿಗೂ ಕರ್ನಾಟಕ ಸರ್ಕಾರದ ಪ್ರತಿ ಕಾಗದದ ನೆತ್ತಿಯಲ್ಲಿ ಎರಡು ತಲೆಯ ಆ ಹಕ್ಕಿ ಇದೆ. ಒಂದು ಕಲ್ಪನೆಗೆ ಸಾವಿರ ವರ್ಷದ ಆಯುಷ್ಯ! ಹುಡುಗ ಕಂಬಕ್ಕೆ ಬೆನ್ನು ಕೊಟ್ಟು ಕೂತು ಬಹಳ ಹೊತ್ತು ಏನೋ ಗೀಚಿದ.

ಬಳ್ಳಿಗಾವೆಗೆ ಬಂದವರು ಕೇದಾರೇಶ್ವರದ ಮೂರು ಗರ್ಭಗುಡಿಗಳನ್ನೂ ತ್ರಿಪುರಾಂತಕದ ಜಾಲಂಧ್ರಗಳನ್ನೂ ನೋಡಿ ಹೊರಟುಬಿಡುತ್ತಾರೆ. ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸುವುದು ಶಾಸನಗಳು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಹೀಗೆ ಐದು ಮಠಗಳು ಒಂದೇ ಊರಲ್ಲಿ ಇದ್ದವಂತೆ. ಕೆರೆಯ ಕೋಡಿಯ ಬಳಿಯ ಕೋಡಿಯ ಮಠವನ್ನು 1162ರ ಶಾಸನ ಬಣ್ಣಿಸುವ ಪರಿ ಓದಿದರೆ ಮೈ ಜುಮ್ಮೆನ್ನುತ್ತದೆ: ಅಲ್ಲಿ ವೇದ, ವ್ಯಾಕರಣ, ದರ್ಶನ, ಯೋಗ, ಕಾವ್ಯಗಳ ಪಾಠ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ, ರೋಗಿಗಳಿಗೆ ಮದ್ದು. ಇದೇ ಊರಲ್ಲಿ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಮಂತ್ರಿ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟ. ಮಲೆನಾಡಿನ ಸೆರಗಿನಲ್ಲಿ ತಾರೆ! ಟಿಬೆಟಿನ ಮನೆಮನೆಯಲ್ಲಿ ಇಂದು ಜಪಿಸುವ ದೇವಿಗೆ ಅಂದು ಶಿರಾಳಕೊಪ್ಪದ ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಹುಡುಗನಿಗೆ ಮಾತ್ರವಲ್ಲ, ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ ಶಿವಮೊಗ್ಗದವರಿಗೂ ಇದು ಹೊಸ ಸುದ್ದಿ.

ಇದೇ ಸೀಮೆ ಅಕ್ಕನದ್ದೂ ಅಲ್ಲಮನದ್ದೂ ಹೌದು. ಉಡುತಡಿ ಇಲ್ಲಿಂದ ಸಮೀಪ. ಅರಮನೆಯ ಗಂಡ ಕೌಶಿಕನನ್ನು ತೊರೆದು, ಕಣ್ಣಿಗೆ ಕಾಣದ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ಕರೆದು, ಹಕ್ಕಿಗಳನ್ನೂ ಮರಗಳನ್ನೂ ಅವನ ಸುಳಿವು ಕೇಳುತ್ತ ನಡೆದವಳು ಮಹಾದೇವಿ. ಅವಳ ಲೋಕದಲ್ಲಿ ಅವನು ನಿಜ, ಕೌಶಿಕನೇ ನೆರಳು. ಬಳ್ಳಿಗಾವೆಯ ಮದ್ದಳೆಗಾರ ಅಲ್ಲಮನ ಹಾದಿ ಇದಕ್ಕೆ ಎದುರು. ಪ್ರೀತಿಸಿದ ಕಮಲತೆ ತೀರಿಕೊಂಡ ಮೇಲೆ ಅಲೆದು, ನೆಲದಡಿಯ ಗುಡಿಯೊಂದರಲ್ಲಿ ಗುರು ಅನಿಮಿಷನನ್ನು ಕಂಡನೆಂದು ಕಥೆ. ಆ ಮೇಲೆ ಯಾರು ಯಾವ ರೂಪ ಹಿಡಿದು ಮುಂದೆ ಬಂದರೂ ಅದನ್ನು ಬಯಲು ಮಾಡುವುದೇ ಅವನ ಕಾಯಕವಾಯಿತು. ಒಂದೇ ತಾಲ್ಲೂಕಿನ ಮಣ್ಣು. ಒಬ್ಬಳು ಕಾಣದವನಿಗೆ ಮೈ ತುಂಬಿಸಿದಳು, ಒಬ್ಬ ಕಂಡದ್ದನ್ನೆಲ್ಲ ಕರಗಿಸಿದ. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಹೆಮ್ಮೆ ಎನಿಸುವ ಕಾರಣಗಳಲ್ಲಿ ಇದು ಮೊದಲನೆಯದು.

ಆನವಟ್ಟಿಯ ದಾರಿಯಲ್ಲಿ ಹುಡುಗ ತನ್ನ ಎರಡನೆಯ ಪ್ರಶ್ನೆ ಎತ್ತಿದ. ಲೋಕ ಹೇಗಿರಬೇಕು? ಬೆಟ್ಟದ ಮೇಲೊಂದು ಕೋಟೆ ಸಾಕೇ? ಅವನಿಗೆ ಪೂಸಲರ ಕಥೆ ಹೇಳಿದೆ. ಅರವತ್ತಮೂವರು ಪುರಾತನರಲ್ಲಿ ಒಬ್ಬ, ತಮಿಳುನಾಡಿನವನು. ಶಿವನಿಗೆ ಗುಡಿ ಕಟ್ಟುವ ಆಸೆ, ಕೈಯಲ್ಲಿ ಕಾಸಿಲ್ಲ. ಮನಸ್ಸಿನಲ್ಲೇ ಮುಹೂರ್ತ ನೋಡಿ, ಪಾಯ ತೋಡಿ, ಕಲ್ಲಿನ ಮೇಲೆ ಕಲ್ಲಿಟ್ಟು, ಶಿಖರ ಏರಿಸಿ, ಬಾವಿ ತೋಡಿ, ಪ್ರತಿಷ್ಠೆಗೆ ದಿನ ಗೊತ್ತು ಮಾಡಿದ. ಅದೇ ದಿನ ಕಂಚಿಯಲ್ಲಿ ಪಲ್ಲವ ರಾಜನ ಕಲ್ಲಿನ ಗುಡಿಗೂ ಪ್ರತಿಷ್ಠೆ. ಶಿವ ರಾಜನ ಕನಸಿಗೆ ಬಂದು, ನಾಳೆ ನನಗೆ ಪೂಸಲನ ಗುಡಿಯಲ್ಲಿ ಕೆಲಸವಿದೆ, ನಿನ್ನದನ್ನು ಮುಂದೂಡು ಅಂದನಂತೆ. ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಶಿವನ ಕೃಪೆಗಿಂತ ಪೂಸಲರ ತಾಳ್ಮೆ. ಮನಸ್ಸಿನಲ್ಲಿ ಗುಡಿಯನ್ನು ಒಂದೇ ಗಳಿಗೆಯಲ್ಲಿ ನಿಲ್ಲಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಪ್ರತಿ ಕಲ್ಲಿನ ಭಾರ ಹೊತ್ತ.

ಅಲೆಕ್ಸಾಂಡ್ರಾ ಡೇವಿಡ್-ನೀಲ್ ಕಥೆ ಹುಡುಗನಿಗೇ ಗೊತ್ತಿತ್ತು. ವೇಷ ಮರೆಸಿಕೊಂಡು 1924ರಲ್ಲಿ ಲಾಸಾ ಹೊಕ್ಕ ಫ್ರೆಂಚ್ ಹೆಂಗಸು; ನೂರು ವರ್ಷ ಬದುಕಿದಳು. ತುಲ್ಪಾದ ಮಾತನ್ನು ಪಶ್ಚಿಮಕ್ಕೆ ಮುಟ್ಟಿಸಿದ್ದು ಮುಖ್ಯವಾಗಿ 1929ರ ಅವಳ ಪುಸ್ತಕ. ಟಿಬೆಟಿನ ಚಿತ್ರಗಳಲ್ಲಿ ದಿನವೂ ಕಾಣುವ ದೇವತೆಗಳ ಪ್ರಭಾವ ತಟ್ಟಬಾರದೆಂದು ಅವಳು ತನ್ನ ತುಲ್ಪಾಗೆ ಬೇಕೆಂದೇ ಒಂದು ಸಾಮಾನ್ಯ ರೂಪ ಆರಿಸಿದಳು: ಕುಳ್ಳ, ದಪ್ಪ, ನಗುಮುಖದ ಸನ್ಯಾಸಿ. ಕೆಲವು ತಿಂಗಳ ಏಕಾಂತದ ಸಾಧನೆಯಲ್ಲಿ ಅವನು ಮೂಡಿದ, ಪ್ರಯಾಣದಲ್ಲಿ ಜೊತೆಗೂ ಬಂದ. ಬೆಣ್ಣೆ ಕೊಡಲು ಬಂದ ದನಗಾಹಿಯೊಬ್ಬ ಅವನನ್ನು ನಿಜವಾದ ಲಾಮಾ ಎಂದುಕೊಂಡನೆಂದು ಅವಳು ಬರೆದಿದ್ದಾಳೆ. ಬರಬರುತ್ತ ಅವನ ಕೆನ್ನೆ ಇಳಿಯಿತು, ನಗುವಿನಲ್ಲಿ ಕೊಂಕು ಸೇರಿತು. ಕರಗಿಸಲು ಆರು ತಿಂಗಳು ಹಿಡಿಯಿತಂತೆ.

ಯಾಕೆ ಹಾಗಾಯಿತು? ಹುಡುಗ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾನಗಲ್ಲು ದಾಟಿ ಕಾಡಿನ ಅಂಚು ಹಿಡಿದು ಮುಂಡಗೋಡಿಗೆ ಬಂದೆವು.

ಟಿಬೆಟಿಯನ್ ಕ್ಯಾಂಪಿನ ಮೊದಲ ನೋಟ ಈಗಲೂ ನನ್ನನ್ನು ಬೆರಗುಗೊಳಿಸುತ್ತದೆ. ಜೋಳದ ಹೊಲದ ಬದುವಿಗೇ ಬಣ್ಣದ ಪ್ರಾರ್ಥನಾ ಪತಾಕೆಗಳು, ಅದರಾಚೆ ಚಿನ್ನದ ಬಣ್ಣದ ಸೂರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ದೇಶ ಕಳೆದುಕೊಂಡವರಿಗೆ ಇಲ್ಲಿ ನೆಲೆ ಸಿಕ್ಕಿತು. ಲಾಸಾದ ಸುತ್ತ 1409ರಲ್ಲಿ ಹುಟ್ಟಿದ ಗಾಂದೆನ್, 1416ರ ಡ್ರೆಪುಂಗ್ ಮಠಗಳು ಉತ್ತರ ಕನ್ನಡದ ಕಾಡಂಚಿನಲ್ಲಿ ಮತ್ತೆ ಎದ್ದವು. ಹಿಮದ ನಾಡಿನವರು ಬಿಸಿಲಲ್ಲಿ ಮರ ಕಡಿದು, ನೆಲ ಉತ್ತು, ನೆನಪಿನಲ್ಲಿದ್ದ ಮಠವನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಕಲ್ಪಿಸಿದ ಲೋಕ ಎಷ್ಟು ಗಟ್ಟಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ.

ಮಠದ ಗೋಡೆಯ ಮೇಲೆ ಹಸಿರು ತಾರೆ. ಎಡಗಾಲು ಮಡಿಚಿದ್ದಾಳೆ, ಬಲಗಾಲನ್ನು ಕೆಳಗೆ ಇಳಿಬಿಟ್ಟು ಪುಟ್ಟ ಕಮಲದ ಮೇಲೆ ಊರಿದ್ದಾಳೆ. ಎಡಗೈಯಲ್ಲಿ ನೈದಿಲೆ, ಬಲಗೈಯಲ್ಲಿ ವರದ ಮುದ್ರೆ. ಅಲ್ಲಿಯೇ ಇದ್ದ ನಡುವಯಸ್ಸಿನ ಲಾಮಾ ಒಬ್ಬರು ಚೆನ್ನಾದ ಕನ್ನಡದಲ್ಲಿ ಮಾತಿಗಿಳಿದರು. ಕಾಲು ಯಾಕೆ ಹಾಗಿದೆ ಎಂದು ಹುಡುಗ ಕೇಳಿದಾಗ, "ಯಾರಾದರೂ ಕೂಗಿದರೆ ತಕ್ಷಣ ಎದ್ದು ಹೋಗಬೇಕಲ್ಲ" ಅಂದರು.

ರೂಪ ಆರಿಸುವ ಮಾತು ಬಂದಾಗ ಅವರು ನಕ್ಕು ತಲೆಯಾಡಿಸಿದರು. ಅವರಲ್ಲಿ ರೂಪವನ್ನು ಗುರು ಕೊಡುತ್ತಾನೆ. ದೀಕ್ಷೆಯಿಲ್ಲದೆ ಸಿಗದ ರೂಪಗಳೇ ಹೆಚ್ಚು. ಸಾಧನ ಶುರುವಾಗುವುದು ಶೂನ್ಯದಿಂದ. ಶೂನ್ಯದಲ್ಲಿ ಕಮಲ, ಅದರ ಮೇಲೆ ಚಂದ್ರನ ಪೀಠ, ಪೀಠದ ಮೇಲೆ 'ತಾಂ' ಎಂಬ ಬೀಜಾಕ್ಷರ, ಅದರಿಂದ ಬೆಳಕು, ಆ ಬೆಳಕು ಮರಳಿ ಬಂದು ತಾರೆ. ದೊಡ್ಡ ಸಾಧನಗಳಲ್ಲಿ ನಾಲ್ಕು ಬಾಗಿಲಿನ ಅರಮನೆಯೂ ಬರುತ್ತದೆ. ಕಾಲಚಕ್ರ ಮಂಡಲದ ಅರಮನೆಯಲ್ಲಿ 722 ದೇವತೆಗಳು, ಪ್ರತಿಯೊಬ್ಬರಿಗೂ ಗೊತ್ತಾದ ಜಾಗ. ಇಷ್ಟೆಲ್ಲ ಕಟ್ಟಿದವನು ಏಳುವ ಮುಂಚೆ ಅದನ್ನೆಲ್ಲ ಕರಗಿಸಲೇಬೇಕು. ಲೋಕ ಅರಮನೆಯೊಳಗೆ, ಅರಮನೆ ದೇವಿಯೊಳಗೆ, ದೇವಿ ಅಕ್ಷರದೊಳಗೆ, ಅಕ್ಷರ ಬುಡದಿಂದ ತುದಿಗೆ ಸವೆಯುತ್ತ ಬಯಲಿಗೆ. ನಾಳೆ ಮತ್ತೆ ಮೊದಲಿನಿಂದ.

ಹುಡುಗನ ಪ್ರಶ್ನೆಗೆ ಅಲ್ಲಿ ನನಗೆ ಉತ್ತರ ಹೊಳೆಯಿತು. ಡೇವಿಡ್-ನೀಲ್‌ಳ ಸನ್ಯಾಸಿಗೆ ಮೈ ಇತ್ತು, ನಗು ಇತ್ತು, ಮಾಡಲು ಕೆಲಸ ಇರಲಿಲ್ಲ. ಅವನನ್ನು ದಿನವೂ ಬಯಲಿಗೆ ಕಳಿಸಿಕೊಡುವ ರೂಢಿಯೂ ಅವಳಿಗೆ ಇರಲಿಲ್ಲ. ತಾರೆಯ ಮೈಯ ಪ್ರತಿ ಅಂಗ ಒಂದು ಕೆಲಸಕ್ಕೆ ಸಿದ್ಧವಾಗಿ ಕೂತಿದೆ. ಇಳಿಬಿಟ್ಟ ಆ ಪಾದ ಇನ್ನೊಬ್ಬರ ಕೂಗಿಗೆ ಕಾದಿದೆ. ಅಕ್ಕನ ಮಲ್ಲಿಕಾರ್ಜುನನೂ ಅವಳನ್ನು ಕೋಣೆಯೊಳಗೆ ಕೂರಿಸಲಿಲ್ಲ, ಉಡುತಡಿಯಿಂದ ಶ್ರೀಶೈಲದವರೆಗೆ ನಡೆಸಿದ. ಕೂದಲಿನ ಬಣ್ಣ, ಕಣ್ಣಿನ ಬಣ್ಣ ಆಮೇಲಿನ ಮಾತು. ನೀನು ಕಟ್ಟುವವನು ನಿನ್ನನ್ನು ಯಾರ ಬಳಿಗೆ ಎಬ್ಬಿಸಿ ಕಳಿಸುತ್ತಾನೆ, ಅದನ್ನು ಮೊದಲು ಬರೆ ಅಂದೆ. ಅವನು ಒಪ್ಪಿದನೋ ಇಲ್ಲವೋ, ತಾರೆಯ ಪಾದವನ್ನು ಮಾತ್ರ ಪುಟದ ತುಂಬ ಬರೆದುಕೊಂಡ.

ಹೊರಗೆ ಅಂಗಳದಲ್ಲಿ ಸಂಜೆಯ ವಾದ ಶುರುವಾಗಿತ್ತು. ಕೂತವನ ಎದುರು ನಿಂತವನು ಕಾಲು ಅಪ್ಪಳಿಸಿ, ಅಂಗೈ ಅಂಗೈಗೆ ಚಟೀರನೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಅಂಥ ಜೋಡಿಗಳು ಅಂಗಳದ ತುಂಬ. ಆ ಗದ್ದಲದ ನಡುವೆ ಲಾಮಾ ಅವರಿಗೆ ಬಳ್ಳಿಗಾವೆಯ ತಾರಾ ಭಗವತಿಯ ವಿಷಯ ಹೇಳಿದೆವು. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಸಾವಿರ ವರ್ಷದ ಹಿಂದೆಯೇ? ಇಲ್ಲೇ? ಎಷ್ಟು ದೂರ? ಹುಡುಗ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ದಾರಿ ಬರೆದುಕೊಟ್ಟ: ಹಾನಗಲ್ಲು, ಆನವಟ್ಟಿ, ಶಿರಾಳಕೊಪ್ಪ, ಅಲ್ಲಿಂದ ಆಟೋ. ಲಾಮಾ ಅದನ್ನು ಹಿಡಿದುಕೊಂಡೇ ಅಂಗಳದತ್ತ ತಿರುಗಿ ಟಿಬೆಟಿ ಭಾಷೆಯಲ್ಲಿ ಏನೋ ಕೂಗಿದರು. ವಾದ ನಿಲ್ಲಿಸಿ ಓಡಿಬಂದ ಹುಡುಗರು ನಮ್ಮನ್ನು ಸುತ್ತುವರಿದು, ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕನ್ನಡದಲ್ಲಿ ಕೇಳತೊಡಗಿದರು.