ಕಂಪಾಲಾ ಡೈರಿ, ಭಾಗ 4: ಮೂರು ದಿನದ ಸಂಬಳ

ಹಿಂದಿನ ಭಾಗ ಓದಿದವರಿಗೆ ಗೊತ್ತುಂಟು, ಪಿಯುಸಿ ಮುಗಿಸಿ ಬಿಕಾಂ ಸೇರುವ ಮೊದಲು ಒಂದು ವರ್ಷ ನಾನು ಉಗಾಂಡಾದಲ್ಲಿ ಮಾವನ ಮನೆಯಲ್ಲಿದ್ದೆ. ಅವರ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ಇವತ್ತು ಅಲ್ಲಿ ಮಲೇರಿಯಾ ಬಂದ ಕಥೆ.

ನಾನು ಮಂಗಳೂರಿನವಳು ಮಾರಾಯ್ರೆ, ಮಲೇರಿಯಾ ನಮಗೇನು ಹೊಸತಾ? ಆ ಧೈರ್ಯದಲ್ಲೇ ಸೊಳ್ಳೆಪರದೆ ಮಡಚಿ ಕಪಾಟಿನ ಮೇಲಿಟ್ಟಿದ್ದೆ.

ಒಂದು ಸೋಮವಾರ ಮೈಕೈ ನೋವು. ರಾತ್ರಿ ಚಳಿ ಬಂತು ನೋಡಿ, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿ ಅಂಗಡಿಗೆ ಹೋದೆ. ವಿಡಿಯೋ ಕಾಲಲ್ಲಿ ಅಮ್ಮ "ಎಂತ, ಮುಖ ಬಾಡಿದೆ?" ಅಂದ್ರೆ "ನೆಟ್‌ವರ್ಕ್ ಸರಿ ಇಲ್ಲಮ್ಮ" ಅಂದೆ. ಎರಡು ದಿನ ಹೀಗೇ ದೂಡಿದೆ.

ಮೂರನೇ ದಿನ ಅಂಗಡಿ ಗುಡಿಸುವ ಅಕ್ಕ ನನ್ನ ಹಣೆ ಮುಟ್ಟಿ "ಒಮುಸುಜ್ಜಾ" ಅಂದ್ರು. ಲುಗಾಂಡಾ ಭಾಷೆಯಲ್ಲಿ ಜ್ವರ. ಎಷ್ಟು ದಿನ ಆಯ್ತು ಅಂತ ಕೇಳಿದವರೇ ಪೊರಕೆ ಅಲ್ಲೇ ಬಿಟ್ಟು ಬೋಡಾ-ಬೋಡಾ, ಅಂದ್ರೆ ಬಾಡಿಗೆ ಬೈಕ್, ನಿಲ್ಲಿಸಿದ್ರು. ನನ್ನನ್ನು ನಡುವೆ ಕೂರಿಸಿ, ಹಿಂದಿನಿಂದ ಹಿಡ್ಕೊಂಡು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು.

ಬೆರಳಿಂದ ಸ್ವಲ್ಪ ರಕ್ತ, ಕೋವಿಡ್ ಕಿಟ್ ಥರದ್ದೇ ಒಂದು ಕಿಟ್. ಎರಡು ಗೆರೆ. ಫಾಲ್ಸಿಪಾರಮ್ ಮಲೇರಿಯಾ. ನಮ್ಮೂರಲ್ಲಿ ಹೆಚ್ಚು ಕಾಣೋದು ವೈವಾಕ್ಸ್. ಇದು ಹಾಗಲ್ಲ, 24 ಗಂಟೆಯೊಳಗೆ ಔಷಧಿ ಸಿಗದಿದ್ರೆ ಜೀವಕ್ಕೇ ಅಪಾಯ ಆಗಬಹುದು. ನಾನು ಎರಡು ದಿನ ಕಾದಿದ್ದೆ!

ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಕೊಟ್ರು. ಒಂದು ಸಲಕ್ಕೆ 4 ಮಾತ್ರೆ, ದಿನಕ್ಕೆ ಎರಡು ಸಲ, ಮೂರು ದಿನ. ಕೊಬ್ಬಿನಂಶ ಇರುವ ಆಹಾರದ ಜೊತೆ ತಗೊಂಡ್ರೆ ಚೆನ್ನಾಗಿ ಮೈಗೆ ಹಿಡಿಯುತ್ತಂತೆ. ಹಾಗಾಗಿ ಪ್ರತಿ ಸಲ ಒಂದು ಲೋಟ ಹಾಲು. ಬಾತ್‌ರೂಮಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು.

ವಾರದ ನಂತರ ಲೆಕ್ಕದ ಪುಸ್ತಕ ತೆರೆದೆ. ಹಿಂದಿನ ತಿಂಗಳ ಪುಟದಲ್ಲಿ ನನ್ನದೇ ಅಕ್ಷರ: ಅಕ್ಕನ ಹೆಸರು, ಮಲೇರಿಯಾ, 3 ದಿನ ಗೈರುಹಾಜರಿ, ಸಂಬಳ ಕಡಿತ. "ಇವರಿಗೆ ಮಲೇರಿಯಾ ಅಂದ್ರೆ ನೆಗಡಿ ಥರ" ಅಂದ್ಕೊಂಡು ಬರೆದಿದ್ದೆ. ಆ ಮೂರು ದಿನ ಅವರು ಹೇಗೆ ಮಲಗಿದ್ದಿರಬಹುದು ಅಂತ ಈಗ ಗೊತ್ತಾಗ್ತಿತ್ತು. ನಾನು ಮಲಗಿದ್ದ ವಾರಕ್ಕೆ ಮಾವ ನನ್ನ ಕೈಖರ್ಚಿನಲ್ಲಿ ಒಂದು ಶಿಲ್ಲಿಂಗ್ ಕೂಡ ಕಡಿಮೆ ಮಾಡಿರಲಿಲ್ಲ.

ಮಾವನಿಗೆ ಆ ಪುಟ ತೋರಿಸಲು ನನಗೆ ಎರಡು ದಿನ ಬೇಕಾಯ್ತು. ಅವರು ಕನ್ನಡಕ ಹಾಕ್ಕೊಂಡು ತುಂಬ ಹೊತ್ತು ನೋಡಿದ್ರು. "ಕೊಟ್ಟುಬಿಡು. ಸರಿಯಾಗಿ ಬರೆದಿಡು" ಅಂದ್ರು.

ದುಡ್ಡು ಕೊಟ್ಟಾಗ ಅಕ್ಕ ಎಣಿಸಿ, ಮಡಚಿ ಇಟ್ಕೊಂಡ್ರು. ಸಾರಿ ಹೇಳಬೇಕು ಅಂತ ನಾನು ತಡವರಿಸ್ತಾ ಇದ್ದೆ. ಅವರು ಕೇಳಿದ್ದು ಒಂದೇ: "ಪರದೆ ಕಟ್ಟಿದ್ಯಾ?"

ಕಟ್ಟಿದ್ದೆ.

ನೀವೂ ಅಂಥ ಊರಿಗೆ ಹೋಗಿ ಬಂದವರಾದ್ರೆ ಒಂದು ಮಾತು. ವಾಪಸ್ ಬಂದು ವಾರಗಳ ಮೇಲೆ ಜ್ವರ ಬಂದ್ರೂ, ಎಲ್ಲಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅಮ್ಮನಿಗೂ ಹೇಳಿ. ನೆಟ್‌ವರ್ಕ್ ಮೇಲೆ ಹಾಕಬೇಡಿ.

ಮುಂದಿನ ಭಾಗ ಭಾನುವಾರ.